ಕಳೆ ಯಾವುದು?

ಸಿಪ್ಕಾಟ್ ಬಂದ ಮೇಲೆ ಹೊಲಗಳೆಲ್ಲ ಬೀದಿಗಳಾದ ಊರು ನಮ್ಮ ಮೂಕಂಡಪಲ್ಲಿ. ಮಗ ಇಲ್ಲಿ ಮನೆ ಕಟ್ಟಿದ. ಮುಂದೆ ನಾಲ್ಕು ಮಂಚ ಹಿಡಿಸೋಷ್ಟು ಜಾಗ ಉಳೀತು, ಅಲ್ಲಿ ಹುಲ್ಲು ಬೆಳೆಸ್ತೀನಿ ಅಂದ. ನನಗೆ ನಗು ಬಂತು. ರಾಗಿ ಹೊಲದಾಗೆ ನಲವತ್ತು ವರ್ಷ ಗರಿಕೆ ಕಿತ್ತವನು ನಾನು. ಒಂದು ಗಿಣ್ಣು ಉಳಿದ್ರೆ ಸಾಕು, ಮಳೆ ಬಿದ್ದ ಮೇಲೆ ಸಾಲೆಲ್ಲ ಹಬ್ಬುತ್ತೆ. ಬೈದು ಬೈದು ಕಿತ್ತಿದ್ದೀನಿ. ಅದೇ ಗರಿಕೆಯನ್ನ ಚೌತಿ ದಿನ ಗಣೇಶನಿಗೆ ಏರಿಸಿ ಕೈ ಮುಗಿದಿದ್ದೀನಿ. ಹಾಗಾದ್ರೆ ಕಳೆ ಅನ್ನೋದು ಹುಲ್ಲಿನ ಗುಣವೋ, ನಮ್ಮ ಲಾಭದ ಲೆಕ್ಕವೋ?

ಮಗ ಕೇಳಿದ್ದು ಕೊರಿಯನ್ ಹುಲ್ಲು. ಚಾಪೆ ಥರ ತಂದು ಹಾಸ್ತಾರೆ. ಮೆತ್ತಗಿದೆ, ಚೆಂದವೇ, ಸುಳ್ಳು ಹೇಳಬಾರದು. ಆದರೆ ಹಬ್ಬೋದು ನಿಧಾನ, ಹಸಿರಾಗಿ ಇರಬೇಕಾದ್ರೆ ಬೇಸಿಗೇಲೂ ನೀರು ಹಾಕ್ತಾ ಇರಬೇಕು. ಬೀದೀಲಿ ಟ್ಯಾಂಕರಿಗೆ ಕೊಡ ಇಟ್ಟು ಕಾಯೋ ಹೆಂಗಸರ ಎದುರಿಗೆ ಹುಲ್ಲಿಗೆ ಪೈಪು ಹಿಡಿಯೋಕೆ ನನಗೆ ಮನಸ್ಸು ಬರಲಿಲ್ಲ. ನೀರು ನಮ್ಮ ಬೋರಿಂದೇ ಅಲ್ವಾ ಅಂದ ಮಗ. ಬೋರು ನಮ್ಮದು, ಒಳಗಿನ ನೀರೂ ನಮ್ಮದೇನಪ್ಪಾ?

ಹೊಲದಾಗೆ ಕಿತ್ತ ಗರಿಕೆ ಗಿಣ್ಣನ್ನೇ ಚೀಲದಾಗೆ ತಂದು, ಮಣ್ಣು ಸಡಿಲ ಮಾಡಿ, ಗೇಣಿಗೊಂದು ನೆಟ್ಟೆ. ಬೇರು ಹಿಡಿಯೋ ತನಕ ಅದಕ್ಕೂ ನೀರು ಬೇಕಾಯ್ತು, ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು ಹಾಕಿದ್ವಿ. ಗೋಡೆ ನೆರಳಲ್ಲಿ ಹತ್ತಲಿಲ್ಲ, ಗರಿಕೆಗೆ ಬಿಸಿಲು ಬೇಕು. ಅಲ್ಲಿ ತುಳಸಿಯೂ ಬಾರದು, ಹಾಗೇ ಬಿಟ್ಟಿದ್ದೀವಿ.

ಈ ಬೇಸಿಗೇಲಿ ಎಲ್ಲ ಕಂದು ತಿರುಗಿದೆ. ಸತ್ತೋಯ್ತು ಅಂತಾನೆ ಮಗ. ಮಳೆ ಬರ್ಲಿ ತಾಳು ಅಂದಿದ್ದೀನಿ.