ಕೂಡಿ ಕೇಳುವ ಹಕ್ಕು

ಸರಕಾರದ ನೌಕರನಿಗೆ ಒಡೆಯರು ಯಾರು? ತೆರಿಗೆ ಕೊಡುವ ಜನರೇ. ಹಾಗಾದರೆ ಅವನು ಸಂಘ ಕಟ್ಟಿಕೊಂಡು ಆ ಜನರೊಡನೆ ಸಂಬಳದ ವಿಷಯವಾಗಿ ವಾದಿಸುವದು ನ್ಯಾಯವೋ?

ಈ ಪ್ರಶ್ನೆಯು 2011ರಲ್ಲಿ ಅಮೇರಿಕಾದ ವಿಸ್ಕಾನ್ಸಿನ್ ಸಂಸ್ಥಾನವನ್ನು ಕಲಕಿತು. ಬೊಕ್ಕಸದಲ್ಲಿ ಹಣ ಸಾಲದೆಂದು ಅಲ್ಲಿಯ ಗವರ್ನರರಾದ ಸ್ಕಾಟ್ ವಾಕರರು ಒಂದು ಮಸೂದೆಯನ್ನು ತಂದರು. ಉಪಾಧ್ಯಾಯರೇ ಮೊದಲಾದ ನೌಕರರು ಪಿಂಚಣಿಗೂ ವೈದ್ಯ ವಿಮೆಗೂ ತಮ್ಮ ಸಂಬಳದಿಂದ ಹೆಚ್ಚು ಕೊಡಬೇಕೆಂದೂ, ಅವರ ಸಂಘಗಳು ಮೂಲ ಸಂಬಳದ ಹೊರತು ಬೇರಾವದನ್ನೂ ಕುರಿತು ಕರಾರು ಮಾಡಕೂಡದೆಂದೂ ಅದರಲ್ಲಿತ್ತು. ಸಾವಿರಾರು ಜನರು ಮ್ಯಾಡಿಸನ್ ಪಟ್ಟಣದ ಶಾಸನಸಭಾಮಂದಿರದಲ್ಲಿ ಹಗಲಿರುಳು ನೆರೆದರು. ಹಣದ ನಷ್ಟವನ್ನು ತಾಳುವೆವು, ಹಕ್ಕನ್ನು ಮಾತ್ರ ಬಿಡೆವು ಎಂದು ಮುಖಂಡರು ತಿಳಿಸಿದರು. ಗವರ್ನರರು ಒಪ್ಪಲಿಲ್ಲ, ಮಾರ್ಚಿಯಲ್ಲಿ ಮಸೂದೆಯು ಶಾಸನವಾಯಿತು.

ವಾಕರರ ಪಕ್ಷದಲ್ಲಿಯೂ ಹುರುಳುಂಟು. ದನ ಸಾಕುವ ರೈತನ ತೆರಿಗೆಯಿಂದಲೂ ಆ ಸಂಬಳವು ಬರುತ್ತದೆ. ಸಂಘಗಳ ಬೆಂಬಲದಿಂದ ಆರಿಸಿ ಬಂದವನು ಅವುಗಳೆದುರಿಗೆ ರೈತನ ಪರವಾಗಿ ಹೇಗೆ ವಾದಿಸುವನು? ಆದರೆ ಅದೇ ಶಾಸನವು ಪೊಲೀಸರಿಗೂ ಬೆಂಕಿ ನಂದಿಸುವವರಿಗೂ ಹಕ್ಕನ್ನು ಉಳಿಸಿತು. ಒಬ್ಬನಿಗೆ ಯೋಗ್ಯವಾದದ್ದು ಇನ್ನೊಬ್ಬನಿಗೆ ಅಯೋಗ್ಯವೋ?

ಬರಗಾಲದಲ್ಲಿ ಒಡೆಯನು ಆಳುಗಳಿಗೆ, ಈ ವರುಷ ಕಾಳು ಕಡಿಮೆ ಎನ್ನಬಹುದು; ಅವರೂ ತಾಳಬೇಕು. ಆದರೆ, ಇನ್ನು ಮುಂದೆ ನೀವು ಕೂಡಿ ಬಂದು ಕೇಳಲೇ ಕೂಡದು ಎಂಬದು ಬೇರೆ ಮಾತು. ಕಡಿಮೆಯಾದ ಕೂಲಿಯನ್ನು ಮುಂದಿನ ಸುಗ್ಗಿಯಲ್ಲಿ ತುಂಬಿಕೊಡಬಹುದು. ಮುಚ್ಚಿಸಿದ ಬಾಯನ್ನು ಯಾವ ಸುಗ್ಗಿಯು ತೆರೆಯುವದು?