ನೇಗಿಲೂ ಸಮಾಧಿಯೂ

ಕ್ರಿ. ಶ. 300ರಿಂದ 900ರ ವರೆಗೆ ಸ್ಕಾಟ್ಲೆಂಡ್ ದೇಶದ ಉತ್ತರ ಭಾಗದಲ್ಲಿ ಪಿಕ್ಟರೆಂಬ ಜನರು ವಾಸಿಸುತ್ತಿದ್ದರು. ಹುಲ್ಲುಹೆಂಟೆಗಳಿಂದ ಕಟ್ಟಿದ ಅವರ ಮನೆಗಳು ಅಳಿದವು. ಹುಳಿಮಣ್ಣಿನಲ್ಲಿ ಎಲುಬುಗಳೂ ಕರಗಿದವು. ಆದರೂ ಸಮಾಧಿಗಳ ಸುತ್ತಣ ಅಗಳಿನ ಮಣ್ಣು ತೇವವನ್ನು ಹಿಡಿದಿರುವದರಿಂದ, ಮಳೆ ಕಡಿಮೆಯಾದ ವರುಷದಲ್ಲಿ ಅದರ ಮೇಲಣ ಜವೆಗೋದಿಯ ಪೈರು ಮಾತ್ರ ಹಸುರಾಗಿ ನಿಂತು ಗುರುತು ತೋರಿಸುವದು. 1978ರಲ್ಲಿ ರೈನಿ ಎಂಬ ಗ್ರಾಮದ ಹೊಲದಲ್ಲಿ ನೇಗಿಲಿಗೆ ಒಂದು ಕಲ್ಲು ಸಿಕ್ಕಿತು. ಹೆಗಲ ಮೇಲೆ ಕೊಡಲಿ ಹೊತ್ತ ಮನುಷ್ಯನ ರೂಪವು ಅದರಲ್ಲಿ ಕೆತ್ತಲ್ಪಟ್ಟಿತ್ತು.

ಹಾಗಾದರೆ ಸತ್ತವರಿಗಾಗಿ ಬದುಕಿರುವವರು ಉಳುಮೆಯನ್ನು ಬಿಡಬೇಕೋ? ಮಕ್ಕಳಿಗೆ ಅನ್ನ ಬೇಕು. ತಿಳಿಯದೆ ಉತ್ತವನಲ್ಲಿ ದೋಷವಿಲ್ಲ. ಆದರೆ ತಿಳಿದ ಮೇಲೆಯೂ ಆಳವಾಗಿ ಉಳುವವನು, ಎದುರುಮಾತಾಡಲಾರದವನ ಮನೆಯನ್ನು ಕೆಡವುವವನಿಗೆ ಸಮಾನನು. ಹೆಸರು ಮರೆತುಹೋದರೂ ಹಕ್ಕು ಅಳಿಯದು. ನಾವೂ ಒಂದು ದಿನ ಹೆಸರಿಲ್ಲದವರಾಗಿ ಇತರರ ಕಾಲ ಕೆಳಗೆ ಮಲಗುವೆವಲ್ಲವೇ?