ಸುಲ್ತಾನರ ತೋಟ, ಸೀಮೆಬದನೆ ಹುಳಿ

ಲಾಲ್‌ಬಾಗ್‌ಗೆ ಹೋಗಬೇಕಾದದ್ದು ಫಲಪುಷ್ಪ ಪ್ರದರ್ಶನ ಮುಗಿದ ಮೇಲೆ. ಜನವರಿಯಲ್ಲೂ ಆಗಸ್ಟ್‌ನಲ್ಲೂ ಪ್ರದರ್ಶನದ ದಿನಗಳಲ್ಲಿ ನಮಗೆ ಕಾಣುವುದು ಮುಂದಿನವರ ಬೆನ್ನು ಮತ್ತು ಮೇಲೆತ್ತಿದ ಮೊಬೈಲುಗಳು. ಮೊನ್ನೆ ಮಂಗಳವಾರ ಬೆಳಿಗ್ಗೆ ಹೋದೆ. ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ನೆರಳಲ್ಲಿ, ಮೂವರು ಹಿರಿಯರು ಸಕ್ಕರೆ ಕಾಯಿಲೆಯ ಲೆಕ್ಕ ಒಪ್ಪಿಸಿಕೊಳ್ಳುತ್ತಿದ್ದರು. ಅವರು ಕೂತಿದ್ದ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಅದರ ಮುಂದೆ ನಮ್ಮ ಎಪ್ಪತ್ತು, ಎಂಬತ್ತು ಯಾವ ಲೆಕ್ಕ!

ಹೈದರಾಲಿ 1760ರಲ್ಲಿ ಇಲ್ಲಿ ತೋಟ ಹಾಕಿಸಿದಾಗ ಅವನ ಮನಸ್ಸಿನಲ್ಲಿದ್ದದ್ದು ಶಿರಾದ ಮೊಗಲ್ ತೋಟ ಅನ್ನುತ್ತಾರೆ. ಆಗ ಸುಮಾರು 40 ಎಕರೆ, ಈಗ 240. ಟಿಪ್ಪು ದೂರದ ನಾಡುಗಳಿಂದ ಗಿಡ, ಬೀಜ ತರಿಸಿದ. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು. ಅದರ ಕಬ್ಬಿಣ ಗ್ಲಾಸ್ಗೋದ್ದು. ಗಿಡಗಳಿಗೆಂದು ಕಟ್ಟಿದ ಆ ಮನೆಯಲ್ಲೇ 1969ರ ಜುಲೈನಲ್ಲಿ ಕಾಂಗ್ರೆಸ್ ನಾಯಕರು ಸಭೆ ಸೇರಿದರು, ಕೆಲವೇ ತಿಂಗಳಲ್ಲಿ ಪಕ್ಷ ಎರಡು ಹೋಳಾಯಿತು. ಗಾಜಿಗೆ ಮಾತ್ರ ಏನೂ ಆಗಲಿಲ್ಲ.

ಇವೆಲ್ಲ ಬೋರ್ಡಿನಲ್ಲೋ ಪುಸ್ತಕದಲ್ಲೋ ಸಿಗುವ ಸಂಗತಿ. ನನಗೆ ಹತ್ತಿರದ್ದು ಇನ್ನೊಂದಿದೆ. ಹೊರಡುವಾಗ ಮನೆಯಾಕೆ, "ಬರ್ತಾ ಸೀಮೆಬದನೆ ತನ್ನಿ, ಎಳೇದು" ಅಂದಿದ್ದಳು. ಆ ಕಾಯಿಯೂ ಈ ತೋಟದ ಗೇಟು ದಾಟಿಯೇ ನಮ್ಮ ಅಡುಗೆಮನೆಗೆ ಬಂದದ್ದು. 1874ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮರಾನ್, ಮೆಕ್ಸಿಕೋ ಕಡೆಯ ಈ ಬಳ್ಳಿಯನ್ನು ಇಲ್ಲಿ ಬೆಳೆಸಿ ಊರಿಗೆ ಹಂಚಿದ ಎಂಬ ಕೀರ್ತಿ ಇದೆ. ಊರು ಅವನ ಹೆಸರು ಮರೆಯಿತು, ಕಾಯಿಯನ್ನು ಬಿಡಲಿಲ್ಲ. ಬೆಂಗಳೂರಿನ ಹವೆ ಅದಕ್ಕೆ ಎಷ್ಟು ಒಗ್ಗಿತೆಂದರೆ ಹಿತ್ತಲ ಚಪ್ಪರಗಳಲ್ಲಿ ಗೊಂಚಲು ಗೊಂಚಲಾಗಿ ಜೋತುಬಿತ್ತು. ಹೆಚ್ಚುವಾಗ ಬೆರಳಿಗೆಲ್ಲ ಅಂಟು ಮೆತ್ತಿಕೊಳ್ಳುತ್ತದೆ, ಬೈದುಕೊಳ್ಳುತ್ತೇವೆ. ಮಜ್ಜಿಗೆಹುಳಿಯಲ್ಲಿ ಬಿದ್ದಾಗ ಸುಮ್ಮನಾಗುತ್ತೇವೆ. ಸಿಪ್ಪೆಯನ್ನೂ ಬಿಸಾಡದೆ ಚಟ್ನಿ ಅರೆಯುವ ಮನೆಗಳಿವೆ. ನಮ್ಮದೂ ಒಂದು.

ತಮಾಷೆ ಇರುವುದು ಹೆಸರಿನಲ್ಲಿ. ಪರದೇಶದಿಂದ ಬಂತು ಅಂತ ನಾವು ಅದಕ್ಕೆ ಸೀಮೆ ಅಂದೆವು, ಸೀಮೆಎಣ್ಣೆ, ಸೀಮೆಸುಣ್ಣದ ಹಾಗೆ. ಪಕ್ಕದ ತೆಲುಗರು ಅದನ್ನೇ 'ಬೆಂಗಳೂರು ವಂಕಾಯ' ಅಂತಾರೆ, ತಮಿಳರು 'ಬೆಂಗಳೂರು ಕತ್ತರಿಕಾಯ್'. ನೂರು ವರ್ಷ ಕಳೆದರೂ ನಾವು ಮಾತ್ರ ಅದನ್ನು ಹೊರಗಿನದು ಅಂತಲೇ ಕರೆಯುತ್ತಿದ್ದೇವೆ. ಬೆಂಗಳೂರಿನಲ್ಲಿ ಕೆಲವು ಮನುಷ್ಯರಿಗೂ ಹೀಗೇ ಆಗುತ್ತದೆ, ಇರಲಿ.

ಕ್ಯಾಮರಾನ್ ಆದ ಮೇಲೆ ಜರ್ಮನಿಯ ಕ್ರುಂಬಿಗಲ್ ಬಂದರು, ಆಮೇಲೆ ನಮ್ಮವರೇ ಆದ ಜವರಾಯ, ಮರಿಗೌಡ. ಮರಿಗೌಡರಿಗೆ ತೋಟವೆಂದರೆ ಬರೀ ನೋಡುವ ಹೂವಲ್ಲ, ರೈತನ ಜೇಬು ಕೂಡ. ಅವರ ಮುತುವರ್ಜಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದೇ ಇವತ್ತಿನ ಹಾಪ್‌ಕಾಮ್ಸ್. ಹಾಗಾಗಿ ಲಾಲ್‌ಬಾಗ್ ಸುತ್ತಿ ಹಾಪ್‌ಕಾಮ್ಸ್ ಅಂಗಡಿಯಲ್ಲಿ ತರಕಾರಿ ಕೊಳ್ಳುವುದನ್ನೂ ನಾನು ತೋಟ ನೋಡಿದ್ದಕ್ಕೇ ಸೇರಿಸಿಕೊಳ್ಳುತ್ತೇನೆ.

"ಎಳೇದು ನೋಡಿ ಕೊಡಪ್ಪ" ಅಂದೆ.

"ಎಲ್ಲಾ ಎಳೇದೇ ಸಾರ್" ಅಂದ ಅಂಗಡಿಯವನು, ತಕ್ಕಡಿಯಿಂದ ಕಣ್ಣು ತೆಗೆಯದೆ.

ಮನೆಗೆ ಬಂದು ಚೀಲ ಬಿಚ್ಚಿದರೆ ಮೂರರಲ್ಲಿ ಒಂದು ಬಲಿತ ಕಾಯಿ. ಅದರ ತುದಿ ಸೀಳಿ, ಹಸಿರು ಮೊಳಕೆಯೊಂದು ನಾಲಿಗೆ ಚಾಚಿದಂತೆ ಹೊರಗೆ ಇಣುಕುತ್ತಿತ್ತು. ಸೀಮೆಬದನೆಗೆ ಇರುವುದು ಒಂದೇ ಬೀಜ. ಅದನ್ನು ಬಿಡಿಸಿ ಬಿತ್ತಲಾಗದು, ಇಡೀ ಕಾಯಿಯನ್ನೇ ನೆಡಬೇಕು. ಮನೆಯಾಕೆ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಕಾಯಿ ನೋಡಿದಳು. ಎರಡು ಕಾಯಿ ಹುಳಿಗೆ ಹೋದವು. ಮೂರನೆಯದು ಒಣಗಿದ ತುಳಸಿಯ ಕುಂಡದಲ್ಲಿ ಅರ್ಧ ಹೂತುಕೊಂಡು ಕೂತಿದೆ. ಬಳ್ಳಿಗೆ ದೊಡ್ಡ ಚಪ್ಪರ ಬೇಕು. ನಮ್ಮ ಬಾಲ್ಕನಿಯ ಅಗಲ ಮೂರು ಅಡಿ.